ಮೆಟ್ಟಿಲು ಕೂಲಿ ಯಾರ ಜೇಬಿಗೆ?

ಏಣಿಗೆ ಮೆಟ್ಟಿಲು ಕೂಲಿ ಬರಬೇಕು. ಇವತ್ತಿನವರೆಗೂ ಬಂದಿಲ್ಲ.

ಮೆಟ್ಟಿಲು ಕೂಲಿ ಎಂದರೇನು ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಲಿಫ್ಟ್ ಇಲ್ಲದ ಕಟ್ಟಡದಲ್ಲಿ, ಅಥವಾ ಲಿಫ್ಟ್ ಇದ್ದೂ ‘ಇದರಲ್ಲಿ ಸಾಮಾನು ಸಾಗಿಸಬಾರದು’ ಎಂದು ಬೋರ್ಡು ತಗುಲಿಹಾಕಿದ ಕಟ್ಟಡದಲ್ಲಿ, ನಿಮ್ಮ ಬೀರು, ಫ್ರಿಜ್ಜು, ಮಂಚ ನಾಲ್ಕನೇ ಮಹಡಿಗೆ ರೆಕ್ಕೆ ಬಡಿದು ಹಾರುವುದಿಲ್ಲ. ಯಾವನದೋ ಬೆನ್ನೇರಿ ಹೋಗುತ್ತವೆ. ಅದಕ್ಕೆ ಮಹಡಿಗಿಷ್ಟು ಎಂದು ಸಾಗಣೆ ಕಂಪನಿ ನಿಮ್ಮಿಂದ ಬೇರೆಯೇ ದುಡ್ಡು ಕೀಳುತ್ತದೆ. ಬಿಲ್ಲಿನಲ್ಲಿ ‘ಹಮಾಲರ ಮೆಟ್ಟಿಲು ಕೂಲಿ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಆ ಸಾಲಿನಲ್ಲಿ ಹಮಾಲರಿಗೆ ಸಿಕ್ಕಿದ್ದು ಅವರ ಹೆಸರು ಮಾತ್ರ.

ಏಣಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆಳು ಉದ್ದ, ಕಾಲು ಇನ್ನೂ ಉದ್ದ. ಲಾರಿಯ ಮೇಲಿನ ಗಂಟು ಬಿಚ್ಚಲು ಉಳಿದವರು ಟೈರು ಹತ್ತಿದರೆ ಇವನು ನೆಲದಲ್ಲೇ ನಿಂತು ಕೈ ಚಾಚುತ್ತಿದ್ದ. ದೇಶದ ಆ ಕೊನೆಯಿಂದ ಈ ಕೊನೆಯ ಮಹಾನಗರಕ್ಕೆ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದು, ಬೇರೆಯವರ ಸಂಸಾರಗಳನ್ನು ಹೊತ್ತೂ ಹೊತ್ತೂ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಕೆಳಗಿಳಿದಿದೆ. ತನ್ನದೇ ಒಂದು ಸಂಸಾರ ಹೊರುವ ಧೈರ್ಯ ಬರಲಿಲ್ಲ. ಟೈರ್ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ, ಜೊತೆಯ ಹಮಾಲ ಗೊಣಗನೊಂದಿಗೆ ಇದ್ದಾನೆ. ಗೊಣಗ ನಿದ್ದೆಯಲ್ಲೂ ಗೊಣಗುತ್ತಾನೆ. ಏಣಿ ನಿದ್ದೆಯಲ್ಲೇ ಅವನಿಗೆ ಬೈಯುತ್ತಾನೆ. ಗಂಡ ಹೆಂಡಿರಿಗಿಂತ ಚೆನ್ನಾಗಿದ್ದಾರೆ.

ಒಂದು ದಿನ ಅಕ್ಕನ ಮಗಳು ಫೋನ್ ಮಾಡಿದಳು.

“ಮಾವ, ನಂಗೆ ಕೆಲಸ ಸಿಕ್ತು. ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋದು. ನಿಮ್ಮೂರಲ್ಲೇ!”

“ನಮ್ಮೂರು ಅಂತ ಯಾರೇ ಹೇಳಿದ್ದು ನಿಂಗೆ? ಇಲ್ಲಿ ನಂದು ಅಂತ ಇರೋದು ತಲೆ ಮೇಲಿಡೋ ಒಂದು ಸಿಂಬಿ, ಒಂದು ಹಗ್ಗ.”

“ಅಮ್ಮನೂ ಜೊತೇಲಿ ಬರ್ತಾಳೆ. ಏನೇನು ತರಬೇಕು, ಹೇಗಿರಬೇಕು, ಒಂಚೂರು ಹೇಳಿ.”

“ಏನೂ ತರಬೇಡ. ನೀವೂ ಬರಬೇಡಿ.”

“ಮಾವ!”

“ಬಂದೇ ಸಾಯ್ತೀನಿ ಅಂದ್ರೆ ಕೇಳು. ಬೀಗ ನಿಂದೇ ತಾ. ಓನರ್ ಕೊಟ್ಟ ಬೀಗದ ಇನ್ನೊಂದು ಕೀ ಅವನ ಸೊಂಟದಲ್ಲೇ ಇರುತ್ತೆ. ಬಾಡಿಗೆ ಮನೆ ನೋಡೋಕೆ ಹೋದಾಗ ಎಲ್ಲಾ ನಲ್ಲಿ ತಿರುಗಿಸು. ಗೋಡೆಗೆ ಬಣ್ಣ ಹೊಸದಾಗಿದ್ರೆ ಒಳಗೆ ಏನೋ ಕೊಳೀತಿದೆ ಅಂತ ತಿಳ್ಕೊ. ದಾರಿ ಕೇಳಬೇಡ, ಗೊತ್ತಿರೋಳ ಥರ ಸುಮ್ನೆ ನಡಿ. ಯಾರಾದ್ರೂ ನಕ್ಕರೆ ಪರ್ಸ್ ಮುಟ್ಟಿ ನೋಡ್ಕೊ. ಪಕ್ಕದ ಮನೆಯೋರ ಜೊತೆ ಮಾತಾಡಬೇಡ, ಸಾಲ ಕೇಳೋಕೆ ಬಂದಳು ಅಂದ್ಕೋತಾರೆ.”

“ಇಷ್ಟು ವರ್ಷ ಅಲ್ಲಿದ್ದು ಇಷ್ಟೇನಾ ಕಲ್ತಿದ್ದು?”

“ಮೂರು ವರ್ಷದಿಂದ ಒಂದೇ ಒಂದು ಮನೆಯೋರೂ ಹಮಾಲರಿಗೆ ನೀರು ಕೊಟ್ಟಿಲ್ಲ ಕಣೇ. ಇಡೀ ದೇಶದಲ್ಲಿ! ಅಂಥ ಜನವೇ ಮೂಟೆ ಕಟ್ಕೊಂಡು ಬಂದು ಈ ಊರು ತುಂಬ್ಕೊಂಡಿದಾರೆ. ಅವರ ಮಧ್ಯೆ ನೀನೂ ಬಂದು ಬೀಳ್ತೀನಿ ಅಂತೀಯಲ್ಲ.”

“ಇಡೀ ದೇಶದ್ದು ನಿಮಗೆ ಹೇಗೆ ಗೊತ್ತಾಯ್ತು?”

“ಪೆಟ್ಟಿಗೆ ಮೇಲೆ ಬರ್ದಿರುತ್ತೆ.”

ಹುಡುಗಿ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡಳು.

“ಏನೋ, ನನ್ನ ಮಗಳನ್ನ ಹೆದರಿಸ್ತೀಯ? ನಿನಗೆ ಬುತ್ತಿ ಕಟ್ಟಿ, ಬಸ್ಸಿನ ಕಾಸು ಕೊಟ್ಟು ಕಳಿಸಿದ್ದು ನಾನು. ಮರೆತ್ಯಾ?”

“ಮರ್ತಿಲ್ಲ. ಕಳಿಸದೇ ಇದ್ದಿದ್ರೆ ಚೆನ್ನಾಗಿತ್ತು.”

ಫೋನ್ ಕಟ್ಟಾಯಿತು. ಅದಾದ ಮೇಲೆ ಎರಡು ಕಡೆಯಿಂದಲೂ ಒಂದು ಮಾತಿಲ್ಲ.

ಪೆಟ್ಟಿಗೆಯ ಮೇಲೆ ಬರೆದಿರುತ್ತದೆ ಎಂದು ಏಣಿ ಹೇಳಿದ್ದು ಗೇಲಿಯಲ್ಲ. ದೂರದ ಊರಿನಲ್ಲಿ ಸಾಮಾನು ಲಾರಿಗೆ ಏರಿಸುವ ಹಮಾಲರು, ಈ ಊರಿನಲ್ಲಿ ಇಳಿಸುವ ಹಮಾಲರ ಮುಖವನ್ನು ಹುಟ್ಟಿದಾರಭ್ಯ ನೋಡಿರುವುದಿಲ್ಲ. ಆದರೂ ಅವರ ನಡುವೆ ಒಂದು ಸುದ್ದಿ ಓಡಾಡುತ್ತದೆ. ರಟ್ಟಿನ ಪೆಟ್ಟಿಗೆಯ ಕೆಳಮೂಲೆಯಲ್ಲಿ ಸೀಮೆಸುಣ್ಣದ ಕಡ್ಡಿಯಿಂದ ಸೊನ್ನೆ ಸುತ್ತಿದ್ದರೆ, ಈ ಮನೆಯವರು ನೀರು ಕೊಟ್ಟರು, ಕಕ್ಕಸಿಗೆ ಬಿಟ್ಟರು, ಮನುಷ್ಯರಂತೆ ಮಾತಾಡಿಸಿದರು ಎಂದರ್ಥ. ಮೂರು ಗೀರಿನ ಕಾಗೆಕಾಲು ಎಳೆದಿದ್ದರೆ, ನೀರಿಲ್ಲ, ಬೈಗುಳ ಧಾರಾಳ. ಸೊನ್ನೆಯವರ ಮಂಚವನ್ನು ಇಲ್ಲಿ ಜೋಡಿಸಿ, ಅಲುಗಾಡುತ್ತದೋ ಎಂದು ಕೂತು ನೋಡಿ ಬರುತ್ತಾರೆ. ಕಾಗೆಕಾಲಿನವರ ಬೀರು ಬೀದಿಯಲ್ಲಿ ಬಿಸಿಲು ಕಾಯುತ್ತದೆ. ಬಾಯಿ ಬಿಟ್ಟರೆ ಕೆಲಸ ಹೋಗುವ ಜನ ಮಾಡಿಕೊಂಡ ಕೋರ್ಟು ಅದು. ವಕೀಲರಿಲ್ಲ, ಮುಂದಿನ ವಾಯಿದೆ ಇಲ್ಲ.

ಈ ಮೂರು ವರ್ಷದಲ್ಲಿ ಬಂದ ಲಾರಿಗಳಲ್ಲೆಲ್ಲ ಬರೀ ಕಾಗೆಕಾಲು. ಸೊನ್ನೆ ನೋಡಿದ್ದೇ ಮರೆತುಹೋಗಿತ್ತು. ಜನ ಕೆಟ್ಟುಹೋದರು ಎಂದು ಏಣಿ ತೀರ್ಮಾನಿಸಿದ. ಬಾಗಿಲು ತೆರೆದವರ ಮುಖ ನೋಡುವುದನ್ನೇ ಬಿಟ್ಟ. “ಇಲ್ಲಿ ಇಡಿ” ಎಂದರೆ ಅಲ್ಲಿ ಇಟ್ಟ. ಗಿರಾಕಿಯ ಮೇಲೆ ಹಲ್ಲು ಮಸೆಯುವುದರಲ್ಲೇ ದಿನ ಕಳೆಯುತ್ತಿತ್ತು. ಮೆಟ್ಟಿಲು ಕೂಲಿ ಕೇಳಲು ಸೂಪರ್‌ವೈಸರ್ ಮುಂದೆ ನಿಲ್ಲುವ ಹೊತ್ತಿಗೆ ಸಿಟ್ಟೆಲ್ಲ ಖಾಲಿಯಾಗಿರುತ್ತಿತ್ತು. “ಬರುತ್ತೆ ಕಣೋ, ಕಂಪನಿ ಎಲ್ಲಿ ಓಡಿಹೋಗುತ್ತೆ?” ಎನ್ನುತ್ತಿದ್ದ ಸೂಪರ್‌ವೈಸರ್. ಅವನೇನು ಆಕಾಶದಿಂದ ಇಳಿದವನಲ್ಲ. ಒಂದು ಕಾಲಕ್ಕೆ ಏಣಿ ಹಿಡಿದ ಹಗ್ಗದ ಇನ್ನೊಂದು ತುದಿ ಹಿಡಿದವನು. ಕಾಗೆಕಾಲು ಓದುವುದನ್ನು ಏಣಿಗೆ ಕಲಿಸಿದವನೂ ಅವನೇ. ಇಸ್ತ್ರಿ ಅಂಗಿ ತೊಟ್ಟ ಮೇಲೆ ಅವನ ಬೆನ್ನು ಬಗ್ಗಿದ್ದನ್ನು ಯಾರೂ ಕಂಡಿಲ್ಲ.

ಆವತ್ತು ಬೆಳಗ್ಗೆ ಒಂದು ಓಣಿಯಲ್ಲಿ ಗಾಡಿ ನಿಂತಿತು. ನಾಲ್ಕು ಮಹಡಿ, ಲಿಫ್ಟಿಗೆ ಅದೇ ಬೋರ್ಡು. ಹಮಾಲರಿಗೆ ಗಿರಾಕಿಯ ಹೆಸರು ಹೇಳುವ ಪದ್ಧತಿ ಇಲ್ಲ. ಮಹಡಿ ಎಷ್ಟನೆಯದು ಎಂದು ಹೇಳುತ್ತಾರೆ, ಅಷ್ಟೇ. ಹಿಂಬಾಗಿಲು ತೆರೆದರೆ ಮೊದಲ ಪೆಟ್ಟಿಗೆಯ ಮೂಲೆಯಲ್ಲೇ ಕಾಗೆಕಾಲು.

“ಮತ್ತೆ ಅದೇ ಜಾತಿ ಪ್ರಾಣಿಗಳು,” ಎಂದು ಗೊಣಗ ಗೊಣಗಿದ. “ನೀರು ಕೊಟ್ರೆ ಇವರ ಬಾವಿ ಬತ್ತಿಹೋಗುತ್ತೇನೋ.”

“ಇಳಿಸು. ಎತ್ತೋದು ಆಮೇಲೆ ನೋಡೋಣ,” ಎಂದ ಏಣಿ.

ಇಳಿಸಿದರು ಎನ್ನುವುದಕ್ಕಿಂತ ಎಸೆದರು ಎನ್ನಬೇಕು. ಹಾಸಿಗೆ ವಿದ್ಯುತ್ ಕಂಬಕ್ಕೆ ಒರಗಿತು. ವಾಷಿಂಗ್ ಮೆಷೀನು ಚರಂಡಿಯ ಅಂಚಿಗೆ ಬಂದು ಕೂತಿತು. ಒಂದು ಪೆಟ್ಟಿಗೆ ಕೆಳಗಿಟ್ಟಾಗ ಒಳಗೆ ಗಾಜು ಕಿಣಿಕಿಣಿ ಎಂದಿತು. ಏಣಿಗೆ ಅದೊಂದು ಸಂಗೀತ. ಬೀರುವನ್ನು ಅಡ್ಡಡ್ಡ ಮಲಗಿಸಿ ಅದರ ಮೇಲೆ ಕಾಲು ಚಾಚಿ ಕೂತು ಬೀಡಿ ಹಚ್ಚಿದ. ಸೂಪರ್‌ವೈಸರ್ ಅದನ್ನು ನೋಡಿ ಬೈಯುವ ಬದಲು, ಮುಖ ಸಪ್ಪೆ ಮಾಡಿಕೊಂಡು, ಬಿಲ್ಲು ಹಿಡಿದು ಮೇಲೆ ಹೋದ.

ಮೇಲಿನಿಂದ ಅವನ ದನಿ ತೇಲಿಬಂತು. “ಏನ್ ಮಾಡ್ಲಿ ಅಮ್ಮ, ಹಮಾಲ್ರು ಅಂದ್ರೆ ಒರಟರು, ನನ್ನ ಮಾತೂ ಕೇಳಲ್ಲ. ಮೆಟ್ಟಿಲು ಕೂಲಿ ಇನ್ನೊಂದಿಷ್ಟು ಸೇರಿಸಿ ಕೊಟ್ಟರೆ ಹೇಗೋ ಒಪ್ಪಿಸ್ತೀನಿ.”

ಬಾಲ್ಕನಿಯಲ್ಲಿ ಒಂದು ತಲೆ ಕಾಣಿಸಿತು.

“ಯಾವನೋ ಅವನು ನನ್ನ ಬೀರು ಮೇಲೆ ಕುಂಡೆ ಊರಿರೋನು? ಇಳಿಯೋ ಕೆಳಗೆ!”

ಏಣಿಯ ಬಾಯಿಂದ ಬೀಡಿ ಉದುರಿತು. ಊಟಕ್ಕೆ ಕರೆದ, ಸ್ಕೂಲಿಗೆ ಅಟ್ಟಿದ, ಜ್ವರದಲ್ಲಿ ಎಬ್ಬಿಸಿ ಗಂಜಿ ಕುಡಿಸಿದ ದನಿ ಅದು.

ಅಕ್ಕ ನಾಲ್ಕು ಮಹಡಿ ದಡದಡ ಇಳಿದು ಬಂದಳು. ಹಿಂದೆ ಮಗಳು, ಅವಳ ಹಿಂದೆ ಬೆವರು ಒರೆಸಿಕೊಳ್ಳುತ್ತಾ ಸೂಪರ್‌ವೈಸರ್.

“ನೀನಾ!” ಎಂದಳು ಅಕ್ಕ. “ಸಾಗಿಸೋದು ಸಾಗಿಸ್ತೀವಿ, ತಮ್ಮನ ಕಂಪನಿಗೇ ಕೊಟ್ರೆ ಅವನ ಹೊಟ್ಟೆಗೆ ನಾಲ್ಕು ಕಾಸು ಸೇರುತ್ತೆ ಅಂತ ಹುಡುಕಿ ಕೊಟ್ಟೆ ನೋಡು, ನನ್ನ ಬುದ್ಧಿಗೆ ಬೆಂಕಿ ಹಾಕ!”

ತಪ್ಪು ಸಿಕ್ಕಿಬಿದ್ದ ಗಂಡಸು ಮೊದಲು ಮಾಡುವುದನ್ನೇ ಏಣಿಯೂ ಮಾಡಿದ. ತಿರುಗಿ ಬಿದ್ದ.

“ಅಲ್ಲಿ ಹೊತ್ತೋರಿಗೆ ಒಂದು ಲೋಟ ನೀರು ಕೊಡೋಕೆ ನಿಂಗೆ ಕೈ ಬರಲಿಲ್ವಾ? ಅವರೂ ನನ್ನ ಥರಾನೇ ಅಲ್ವೇನೇ?”

“ನೀರಾ? ಕಪಾಳಕ್ಕೆ ಬಿಟ್ಟೆ ಅಂದ್ರೆ! ಕೂರಿಸಿ ಊಟ ಹಾಕಿ ಕಳಿಸಿದೀನಿ. ನನ್ನ ತಮ್ಮನೂ ಇದೇ ಕೆಲಸ ಮಾಡೋದು ಅಂತ ಹೇಳಿ ಹೇಳಿ ಬಡಿಸಿದೀನಿ. ಒಬ್ಬನ ಕಾಲಿಗೆ ಮೊಳೆ ತರಚಿತ್ತು, ಪಟ್ಟಿ ಕಟ್ಟಿದ್ದು ಇವಳು.”

“ಹೊರಡೋವಾಗ ಅವರು ಎಲ್ಲಾ ಪೆಟ್ಟಿಗೆ ಮೇಲೂ ಸೊನ್ನೆ ಬರೆದ್ರು ಮಾವ,” ಎಂದಳು ಹುಡುಗಿ. “ಇಷ್ಟೆಲ್ಲ ಮಾಡಿದ್ದಕ್ಕೆ ನಮಗೆ ಸೊನ್ನೆನಾ ಅಂದೆ. ಬಿದ್ದು ಬಿದ್ದು ನಕ್ಕರು.”

ಏಣಿ ಮಂಡಿಯೂರಿ ಕೂತ. ಕಾಗೆಕಾಲಿನ ಕೆಳಗೆ ರಟ್ಟು ಒದ್ದೆ ಬಟ್ಟೆಯಲ್ಲಿ ಉಜ್ಜಿದಂತೆ ಸಿಪ್ಪೆ ಎದ್ದಿತ್ತು. ಅಂಟುಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿದ. ಅದರಡಿಯಲ್ಲಿ ಸುಣ್ಣದ ಗೀರಿನ ಒಂದು ಚೂರು, ಕುಡುಗೋಲಿನಂತೆ ಬಾಗಿಕೊಂಡು, ಒರೆಸಿದವನ ಕೈಗೆ ಸಿಗದೆ ಉಳಿದಿತ್ತು. ಎರಡನೇ ಪೆಟ್ಟಿಗೆ ನೋಡಿದ. ಮೂರನೆಯದನ್ನು ಗೊಣಗ ತಿರುಗಿಸಿದ. ಎಲ್ಲದರಲ್ಲೂ ಸೊನ್ನೆ ಅಳಿಸಿ ಕಾಗೆಕಾಲು.

ದೊಡ್ಡ ಲಾರಿಯಿಂದ ಸಣ್ಣ ಗಾಡಿಗೆ ಸಾಮಾನು ಬದಲಾಗುವುದು ಊರಾಚೆಯ ಗೋದಾಮಿನಲ್ಲಿ. ಅಲ್ಲಿ ಪೆಟ್ಟಿಗೆಗಳ ನಡುವೆ ಒಬ್ಬನೇ ಓಡಾಡುವ ಅಧಿಕಾರ ಇರುವುದು ಒಬ್ಬನಿಗೆ. ಏಣಿ ತಲೆಯೆತ್ತಿದ. ಸೂಪರ್‌ವೈಸರ್ ಗಾಡಿಯ ಕಡೆಗೆ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ. ಇಸ್ತ್ರಿ ಅಂಗಿಯ ಜೇಬಿನ ತಳ ಬೆಳ್ಳಗಾಗಿತ್ತು. ಏಣಿ ಎರಡು ಹೆಜ್ಜೆಯಲ್ಲಿ ಅವನನ್ನು ಮುಟ್ಟಿ, ಜೇಬಿಗೆ ಬೆರಳು ಹಾಕಿ, ಒಂದು ತುಂಡು ಸುಣ್ಣದ ಕಡ್ಡಿ ಎತ್ತಿದ.

“ಮೇಷ್ಟ್ರಾಗಿದೀಯೇನೋ?”

“ಕೈ ತೆಗಿ. ಕಂಪನಿ ಹೇಳಿದ್ದನ್ನ ಮಾಡ್ದೆ.”

“ನಮ್ಮ ಗುರುತು ಕಂಪನಿಗೆ ಹೇಳಿಕೊಟ್ಟಿದ್ದು ಯಾರು?”

ಸೂಪರ್‌ವೈಸರ್ ಸುತ್ತ ನೋಡಿದ. ಕಿಟಕಿಗಳಲ್ಲಿ ಮುಖಗಳು ಮೂಡತೊಡಗಿದ್ದವು. ದನಿ ತಗ್ಗಿಸಿದ. “ನೋಡು, ನೀವು ಮುಖ ಸಿಂಡರಿಸ್ಕೊಂಡು ಬೀದೀಲಿ ಕೂತ್ರೇನೇ ಗಿರಾಕಿ ಗಂಟು ಬಿಚ್ಚೋದು. ನಗ್ತಾ ನಗ್ತಾ ಎತ್ತಿದ್ರೆ ಯಾವನು ಜಾಸ್ತಿ ಕೊಡ್ತಾನೆ? ನಿಮಗೂ ಅದರಲ್ಲಿ ಪಾಲು ಬರುತ್ತೆ. ಬರುತ್ತೆ ಕಣೋ.”

ಮೂರು ವರ್ಷ. ಎಷ್ಟು ಬಾಗಿಲುಗಳು! ಮಂಚ ಜೋಡಿಸಿಕೊಡಿ ಎಂದು ಕೈಮುಗಿದ ಮುದುಕನನ್ನು ಪಡಸಾಲೆಯಲ್ಲಿ ಹಲಗೆಗಳ ನಡುವೆ ಬಿಟ್ಟುಬಂದಿದ್ದ. ನೀರು ಬೇಕಾ ಎಂದು ಕೇಳಿದ ಹೆಂಗಸಿಗೆ, ಅಲ್ಲಿ ಕೊಡದವಳು ಇಲ್ಲಿ ನಾಟಕ ಮಾಡ್ತೀಯಾ ಎಂದಿದ್ದ. ಊರಿಗೆ ಹೊಸದಾಗಿ ಬಂದಿಳಿದವರು ಮೊದಲು ಕಂಡ ಮುಖ ಇವನದು. ಊರು ಕೆಟ್ಟದ್ದು ಎಂದು ಅವರೂ ತಮ್ಮ ತಮ್ಮ ಅಕ್ಕನ ಮಕ್ಕಳಿಗೆ ಫೋನಿನಲ್ಲಿ ಹೇಳಿರಬೇಕು.

ಏಣಿ ಅತ್ತನೆಂದು ಬರೆದರೆ ಓದುವವರಿಗೆ ಹಿತ. ಅವನು ಅಳಲಿಲ್ಲ. ಅಕ್ಕನ ಮುಂದೆ ಅಂಗೈ ಚಾಚಿದ.

“ಮೆಟ್ಟಿಲು ಕೂಲಿ ಕೊಡು.”

“ದುಡ್ಡು ಕಂಪನಿಗೆ ಕೊಡಬೇಕು, ರೂಲ್ಸು!” ಎಂದ ಸೂಪರ್‌ವೈಸರ್.

“ನೀನು ಬಾಯಿ ಮುಚ್ಚು,” ಎಂದಳು ಅಕ್ಕ. ತಮ್ಮನ ಕಡೆ ತಿರುಗಿದಳು. “ಒಡಹುಟ್ಟಿದೋಳ ಹತ್ರಾನೂ ಕೂಲಿ ತಗೋತೀಯೇನೋ?”

“ತಗೋತೀನಿ. ಪ್ರೀತಿಗೆ ನಿನ್ನ ಬೀರು ಎತ್ತಿದ್ರೆ, ನಾಳೆ ಊರೋರೆಲ್ಲ ಪ್ರೀತಿಯಿಂದ್ಲೇ ಎತ್ತಿಸ್ಕೋತಾರೆ. ಬೇಕಾದ್ರೆ ಹಳೇ ಬಸ್ಸಿನ ಕಾಸು ಅದರಲ್ಲಿ ಮುರ್ಕೊ.”

“ಅದಕ್ಕೆ ಬಡ್ಡಿ ಸೇರಿಸಿದ್ರೆ ನಿನ್ನನ್ನೇ ಮಾರಬೇಕಾಗುತ್ತೆ, ಬಿಡು,” ಎಂದು ಅಕ್ಕ ಸೆರಗಿನ ಗಂಟು ಬಿಚ್ಚಿದಳು. ಬಿಲ್ಲಿನಲ್ಲಿದ್ದಷ್ಟೇ ಕೊಟ್ಟಳು, ಒಂದು ಪೈಸೆ ಹೆಚ್ಚಿಲ್ಲ. ಏಣಿ ಅದನ್ನು ಸೂಪರ್‌ವೈಸರ್ ಕಣ್ಣೆದುರೇ ಎರಡು ಪಾಲು ಮಾಡಿ ಒಂದನ್ನು ಗೊಣಗನ ಕೈಗಿಟ್ಟ. ಗೊಣಗ ಆ ಕೆಲವು ನಿಮಿಷ ಗೊಣಗಲಿಲ್ಲ.

“ನಾಳೆಯಿಂದ ಗೋದಾಮಿಗೆ ಕಾಲಿಡಬೇಡಿ, ಇಬ್ಬರೂ!” ಎಂದ ಸೂಪರ್‌ವೈಸರ್.

“ಬರ್ತೀವಿ. ಒಳಗಲ್ಲ, ಬಾಗಿಲಿಗೆ.”

ಆಮೇಲೆ ಎತ್ತಿದರು. ಬೀರು ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಒಂದು ಗೀರೂ ಬೀಳದಂತೆ ಮೇಲೆ ಹೋಯಿತು. ಮಂಚ ಜೋಡಿಸಿ, ಕೂತು ಅಲುಗಾಡಿಸಿ ನೋಡಿದರು. ಗಾಜಿನ ಪೆಟ್ಟಿಗೆ ಬಿಚ್ಚಿದಾಗ ಮೂರು ಲೋಟ ಒಡೆದಿದ್ದವು. ಉಳಿದ ಲೋಟದಲ್ಲಿ ಹುಡುಗಿ ನೀರು ತಂದುಕೊಟ್ಟಳು.

“ಇನ್ನೇನಾದ್ರೂ ಬುದ್ಧಿಮಾತು ಇದೆಯಾ ಮಾವ?”

“ಬೀಗದ್ದು ನಿಜ, ನಲ್ಲಿದೂ ನಿಜ. ಉಳಿದಿದ್ದು ವಾಪಸ್ ತಗೊಂಡೆ. ಪಕ್ಕದ ಮನೆಯೋರ ಬಾಗಿಲು ಬಡಿ, ಹೆಸರು ಕೇಳು.” ನೀರು ಗಟಗಟ ಕುಡಿದ. “ಲೋಟದ ದುಡ್ಡು ಮಾತ್ರ ನನ್ನ ಕೇಳಬೇಡ.”

ಈಗ ಏಣಿ ಮತ್ತು ಗೊಣಗ ಬಾಕಿ ಮೆಟ್ಟಿಲು ಕೂಲಿ ಕೇಳುತ್ತಾ ಗೋದಾಮಿನ ಬಾಗಿಲಲ್ಲಿ ದಿನವೂ ಕೂರುತ್ತಾರೆ. ಒಳಗೆ ಹೊರುವವರೂ ಒಬ್ಬೊಬ್ಬರಾಗಿ ಹೊರಬಂದು ಪಕ್ಕದಲ್ಲಿ ಕೂರತೊಡಗಿದ್ದಾರೆ. ಕಂಪನಿಯನ್ನು ಕೇಳಿದರೆ ಸೂಪರ್‌ವೈಸರ್‌ಗೆ ಕೊಟ್ಟಾಗಿದೆ ಎನ್ನುತ್ತದೆ. ಸೂಪರ್‌ವೈಸರ್‌ನನ್ನು ಕೇಳಿದರೆ ಕಂಪನಿಯಿಂದ ಬಂದೇ ಇಲ್ಲ ಎನ್ನುತ್ತಾನೆ. ಆ ದುಡ್ಡು ಯಾರ ಮನೆಯಲ್ಲಿ ಬೆಚ್ಚಗಿದೆಯೋ ಗೊತ್ತಿಲ್ಲ. ಹೊರಟದ್ದು ಯಾರ ಮನೆಯಿಂದ ಎನ್ನುವುದು ಗೊತ್ತಿದೆ.

ನಿಮ್ಮ ಮನೆಯಿಂದ. ನೀವೂ ಎಲ್ಲಿಂದಲೋ ಮೂಟೆ ಕಟ್ಟಿಕೊಂಡು ಈ ಊರಿಗೆ ಬಂದಿಳಿದವರೇ. ಹಮಾಲರ ಹೆಸರಿನಲ್ಲಿ ನೀವೂ ದುಡ್ಡು ಎಣಿಸಿ ಕೊಟ್ಟಿದ್ದೀರಿ, ಒರಟರು ಎಂದು ಅವರಿಗೇ ಶಾಪವನ್ನೂ ಹಾಕಿದ್ದೀರಿ. ಇನ್ನು ಮೇಲೆ ಮೆಟ್ಟಿಲು ಕೂಲಿಯನ್ನು ಮೆಟ್ಟಿಲು ಹತ್ತಿದವನ ಕೈಗೇ ಕೊಡಿ. ಈಗಾಗಲೇ ಕೊಟ್ಟದ್ದು ಎಲ್ಲಿ ಹೋಯಿತು ಎಂದು ನಿಮ್ಮ ಸಾಮಾನು ತಂದ ಕಂಪನಿಗೆ ಫೋನ್ ಮಾಡಿ ಕೇಳಿ. ಅನುಕೂಲವಾದಾಗ ಅಲ್ಲ, ಇವತ್ತೇ. ಏಣಿ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ದುಡ್ಡು ಕೊಟ್ಟವರು ನೀವು, ನಿಮ್ಮ ಮುಖದ ಮೇಲೆ ಹಾಕಲಾರರು.

ಕೇಳುತ್ತೀರೋ, ಇಲ್ಲವೋ?