ಟವಲು ಹೊದ್ದ ಕುರ್ಚಿ

ದಿಂಡಿಗಲ್ಲಿನ ಬಸ್ ನಿಲ್ದಾಣದಲ್ಲಿ ಕಂಬಂ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಅದರ ಕಿಟಕಿಗಳೊಳಗೆ ಟವಲುಗಳು ಹಾರಿ ಬೀಳುವುದನ್ನು ನೀವು ನೋಡಿರಬಹುದು. ಟವಲು ಬಿದ್ದ ಸೀಟು ಟವಲಿನವನದು. ಅವನು ಹೊರಗೆ ಆರಾಮವಾಗಿ ಟೀ ಹೀರುತ್ತಿದ್ದರೂ, ಒಳಗೆ ಮಂಡಿನೋವಿನ ಅಜ್ಜಿ ಕಂಬಿ ಹಿಡಿದು ನಿಂತಿದ್ದರೂ ಆ ಬಟ್ಟೆಯನ್ನು ಸರಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ನಮ್ಮ ಚಿಕ್ಕಪ್ಪ ಈ ವಿದ್ಯೆಯಲ್ಲಿ ನಿಷ್ಣಾತರು. ನಿಲಕ್ಕೋಟ್ಟೈಗೆ ಹೂವು ಮಾರಲು ಹೋಗುವಾಗ ಒಂದೇ ಟವಲನ್ನು ಅಗಲವಾಗಿ ಬೀಸಿ ಮೂರು ಸೀಟು ಹಿಡಿಯುತ್ತಿದ್ದರು. ಆ ವಂಶಪಾರಂಪರ್ಯದ ಪ್ರತಿಭೆ ನನಗೆ ಬರಲಿಲ್ಲವೆಂದು ಮನೆಯವರು ಮರುಗಿದ್ದುಂಟು. ಅದು ವಿಶ್ವವಿದ್ಯಾಲಯದಲ್ಲಿ ಪ್ರಕಟವಾಗಲಿದೆಯೆಂದು ಅವರಿಗೆ ಹೇಗೆ ತಾನೆ ಗೊತ್ತಾಗಬೇಕು?

ನಮ್ಮ ಮಾನವಿಕ ಮತ್ತು ಶಿಕ್ಷಣ ನಿಕಾಯದ ಡೀನ್ ನಿವೃತ್ತರಾದಾಗ ಅವರ ಕುರ್ಚಿಯ ಬೆನ್ನಿಗೆ ಹೊದಿಸಿದ್ದ ಬಿಳಿ ಟವಲು ಮಾತ್ರ ಸೇವೆಯಲ್ಲಿ ಮುಂದುವರಿಯಿತು. ಅದಕ್ಕೆ ಒರಗಲು ಒಬ್ಬರು ಬೇಕಲ್ಲವೇ ಎಂದು ಇತಿಹಾಸದ ಸಹಪ್ರಾಧ್ಯಾಪಕನಾದ ನನ್ನನ್ನು ಪ್ರಭಾರ ಡೀನ್ ಮಾಡಿದರು. ಬಳಿಕ ಉಳಿದವರೂ ನಿವೃತ್ತರಾಗುತ್ತ ಬಂದಂತೆ ಶಿಕ್ಷಣ ವಿಭಾಗದ ಪ್ರಭಾರ, ತತ್ತ್ವಶಾಸ್ತ್ರದ ಪ್ರಭಾರ ಎಲ್ಲವೂ ನನ್ನ ಹೆಗಲೇರಿ, ಕೋಣೆಗೊಂದರಂತೆ ನನ್ನ ಟವಲುಗಳು ವಿರಾಜಮಾನವಾದವು. ಸುಳ್ಳೇಕೆ ಹೇಳಲಿ, ಚಿಕ್ಕಪ್ಪನ ಸಮಕ್ಕೆ ಬಂದೆನೆಂದು ಒಳಗೊಳಗೇ ಬೀಗಿದೆ.

ಈ ವೈಭವದ ನಡುವೆ ನಿಜವಾಗಿ ಪಾಠ ಮಾಡುತ್ತಿದ್ದವಳು ನಾಗಜೋತಿ. ಶಿಕ್ಷಣ ವಿಭಾಗದಲ್ಲಿ ಉಳಿದಿದ್ದ ಏಕೈಕ ಅಧ್ಯಾಪಕಿ, ಅದೂ ಅತಿಥಿ ಉಪನ್ಯಾಸಕಿ. ವರ್ಷಗಟ್ಟಲೆ ದುಡಿಸಿಕೊಂಡವರನ್ನೂ ಅತಿಥಿಯೆನ್ನುವ ಸೌಜನ್ಯ ನಮ್ಮದು. ಕಾಯಂ ಹುದ್ದೆಗೆ ಸಂದರ್ಶನ ನಡೆದರೆ ಉಳಿಯುತ್ತಾಳೆ, ಇಲ್ಲವಾದರೆ ಕಂಬಂನ ಶಾಲೆಯೊಂದಕ್ಕೆ ಹೋಗುತ್ತಾಳೆ. ಅವಳು ಹೋದರೆ ವಿಭಾಗಕ್ಕೆ ಬೀಗ. ಆದರೆ ಸಂದರ್ಶನ ನಡೆಸಲು ಕಾಯಂ ಡೀನ್ ಬೇಕು, ಡೀನ್ ಆಗಲು ಕಾಯಂ ಪ್ರಾಧ್ಯಾಪಕರು ಬೇಕು, ಪ್ರಾಧ್ಯಾಪಕರು ಬರಲು ಸಂದರ್ಶನ ನಡೆಯಬೇಕು. ಈ ಗಂಟನ್ನು ಬಿಡಿಸಲು ಡೀನ್ ಮತ್ತು ಇಬ್ಬರು ಮುಖ್ಯಸ್ಥರ ಸಭೆ ಕರೆದೆ. ಮೂವರೂ ನಾನೇ ಆದ್ದರಿಂದ ಹಾಜರಾತಿ ಪೂರ್ಣವಿತ್ತು, ಮೂರು ತಟ್ಟೆ ವಡೆ ಬಂದಿತ್ತು, ಭಿನ್ನಾಭಿಪ್ರಾಯವಿರಲಿಲ್ಲ, ಅಧಿಕಾರವೂ ಇರಲಿಲ್ಲ. ಹೊಸ ಡೀನ್ ಬರುವವರೆಗೆ ವಿಷಯವನ್ನು ಮುಂದೂಡಿ, ವಡೆ ತಿಂದು ಎದ್ದೆವು.

ಮೊನ್ನೆ ಶುಕ್ರವಾರ ಊರಿಗೆ ಹೊರಟಾಗ ಕಂಬಂ ಬಸ್ಸಿನಲ್ಲಿ ಅವಳೇ ಸಿಕ್ಕಳು. ಕ್ಯಾಂಪಸ್ಸಿನಲ್ಲಿ ತಮಿಳಿನಲ್ಲಿ ಸಾರ್ ಎನ್ನುವವಳು ಗೇಟು ದಾಟಿದರೆ, ತಲೆಮಾರುಗಳಿಂದ ತಮಿಳು ಸೀಮೆಯಲ್ಲೇ ಇರುವ ನಮ್ಮವರ ಮನೆಗನ್ನಡಕ್ಕೆ ತಿರುಗಿ ಅಣ್ಣಾ ಎನ್ನುತ್ತಾಳೆ; ಆ ಕನ್ನಡದಲ್ಲಿ ಬಸ್ಸು ವಂಡಿ, ಟವಲು ತುಂಡು. ಒಂದು ಸೀಟಿನ ಮೇಲೆ ಟವಲಿತ್ತು, ಬಸ್ಸು ನಿಲ್ದಾಣ ಬಿಟ್ಟರೂ ಅದರ ಆಸಾಮಿ ಬರಲಿಲ್ಲ. ನಾನು ಅಭ್ಯಾಸಬಲದಿಂದ ನಿಂತೇ ಇದ್ದೆ. ಅವಳು ಟವಲನ್ನು ಮಡಚಿ ಕಂಬಿಗೆ ಹಾಕಿ ಕೂತಳು.

"ವಂಡಿ ಹೊರಡೋಗಂಟ ತಾನಣ್ಣಾ ತುಂಡಿಗೆ ಮರ್ಯಾದೆ" ಎಂದಳು. "ನಾನು ಸೋಮವಾರ ಇಸ್ಕೂಲಿಗೆ ಸೇರ್ಕತೀನಿ."

"ಇನ್ನೊಸಿ ತಾಳಮ್ಮಾ, ಡೀನ್ ಬರ್ಲಿ."

"ಬಂದ್ರೆ ಎಲ್ಲಿ ಕೂರ್ತಾರಣ್ಣಾ? ನಿಮ್ ತುಂಡು ಐತಲ್ಲ."

ಮಾತು ಮೆತ್ತಗಿತ್ತು, ಆದರೆ ನಾಟಿತು. ಕುರ್ಚಿಗಳೆಲ್ಲ ಭರ್ತಿಯಾಗಿವೆಯೆಂದು ಮೇಲಿನವರು ನೆಮ್ಮದಿಯಾಗಿ ನಿದ್ರಿಸುತ್ತಿದ್ದುದು ನನ್ನ ಟವಲುಗಳ ಭರವಸೆಯಲ್ಲೇ.

ಸೋಮವಾರ ಮೂರೂ ಟವಲುಗಳನ್ನು ತೆಗೆದು ಚೀಲಕ್ಕೆ ತುಂಬಿ, ಪ್ರಭಾರ ಸಾಕೆಂದು ಕುಲಸಚಿವರಿಗೆ ಹೇಳಿ ಬಂದೆ. ಬರಿದಾದ ಕುರ್ಚಿಗಳು ಮೇಲಿನವರ ಕಣ್ಣಿಗೆ ಬೀಳಲಿ ಎಂಬುದು ನನ್ನ ಆಸೆ. ಬಿದ್ದವು, ಅಷ್ಟು ಚುರುಕಾಗಿ ನಮ್ಮಲ್ಲಿ ಯಾವ ಕೆಲಸವೂ ನಡೆದದ್ದನ್ನು ನಾನು ಕಂಡಿಲ್ಲ. ಸಂಜೆಯೊಳಗೆ ಮೂರೂ ಪ್ರಭಾರ ಇನ್ನೊಬ್ಬರ ಹೆಗಲೇರಿ, ಮೂರು ಹೊಸ ಟವಲು ಬಂದವು. ಶಿಕ್ಷಣ ವಿಭಾಗಕ್ಕೆ ಈಗ ಬೀಗ ಬಿದ್ದಿದೆ. ಕಿಟಕಿಯಿಂದ ಇಣುಕಿದರೆ ಒಳಗೆ ಕುರ್ಚಿಯ ಮೇಲೆ ಟವಲು ಕಾಣುತ್ತದೆ, ಒಂದು ಸುಕ್ಕೂ ಇಲ್ಲದೆ.