ಕೌದಿಯ ಹೊಟ್ಟೆ

ಆ ದಿನ ಫೋನು ಹಿಡಿದು ನಿಂತವನು ನಾನೇ ಎಂದು ನನ್ನ ನೆನಪು. ಅತ್ತಿಗೆ ಹೇಳುವುದೇ ಬೇರೆ: ಫೋನನ್ನು ಹೊಲಿಗೆ ಮಷೀನಿನ ಮೇಲೆ ನೂಲಿನ ಉಂಡೆಗೆ ಆನಿಸಿ ಇಟ್ಟಿದ್ದರಂತೆ, ನಾನು ಬಾಗಿಲ ಹತ್ತಿರ ಕೂತು ಚಹಾ ಕುಡಿಯುತ್ತಿದ್ದೆನಂತೆ. ಯಾರು ಸರಿ ಎಂದು ತೀರ್ಮಾನಿಸಲು ಸಾಕ್ಷಿ ಉಳಿದಿಲ್ಲ. ಎಲ್ಲದಕ್ಕೂ ಕಾರಣವಾದ ವಿಡಿಯೊವನ್ನು ಹಾಕಿದವರೇ ತೆಗೆದುಬಿಟ್ಟರು. ಅತ್ತಿಗೆ ಮಾಡಿದ ಲೈವನ್ನು ಉಳಿಸಿಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ವಿಡಿಯೊದಲ್ಲಿದ್ದ ಇರುವೆಗಳು ಕೆಂಪಗಿದ್ದವೋ ಕಪ್ಪಗಿದ್ದವೋ, ಅದೂ ಖಚಿತವಿಲ್ಲ. ನೆನೆದಾಗಲೆಲ್ಲ ಅವು ಇನ್ನಷ್ಟು ಹೆಚ್ಚಾಗುತ್ತವೆ. ವಿಶ್ವವಿದ್ಯಾಲಯದಿಂದ ನಾನು ಹೊತ್ತುಕೊಂಡು ಬಂದದ್ದು ಎಲ್ಲವನ್ನೂ ಅನುಮಾನಿಸುವ ಚಟ. ವಯಸ್ಸಾದಂತೆ ಅದು ನನ್ನ ನೆನಪಿನ ಕಡೆಗೇ ತಿರುಗಿದೆ.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ನಾನು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದು ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅವರಿಬ್ಬರೂ ಕುರುಗೋಡಿನಲ್ಲಿದ್ದಾರೆ. ಅತ್ತಿಗೆ ಬಹಳ ವರ್ಷ ಬೆಳಗಿನ ಮೊದಲ ಬಸ್ಸು ಹಿಡಿದು ಬಳ್ಳಾರಿಯ ಜೀನ್ಸ್ ಘಟಕವೊಂದಕ್ಕೆ ಹೊಲಿಯಲು ಹೋಗುತ್ತಿದ್ದರು. ಕತ್ತರಿಸಿ ಉಳಿದ ಚೂರುಗಳು ಅಲ್ಲಿ ಮೂಟೆಗಟ್ಟಲೆ ಬಿದ್ದಿರುತ್ತಿದ್ದವು. ಅವನ್ನು ಕೇಳಿ ತಂದು, ಒಳಗೆ ಹಳೆಯ ಸೀರೆಯ ಪದರ ಕೊಟ್ಟು, ಕೌದಿ ಹೊಲಿಯತೊಡಗಿದರು. ತಿಳಿನೀಲಿ, ಕಡುನೀಲಿ, ಒಗೆದು ಒಗೆದು ಬಿಳುಚಿದ ನೀಲಿ. ನೋಡಿದರೆ ಸಂಜೆಯ ಆಕಾಶವನ್ನು ತುಂಡು ತುಂಡಾಗಿ ಜೋಡಿಸಿದ ಹಾಗೆ. ಕುರುಗೋಡಿನಲ್ಲೇ ಒಂದು ಕೋಣೆ ಬಾಡಿಗೆ ಹಿಡಿದರು. ಅದೇ ಬಸ್ಸಿನಲ್ಲಿ ಅವರ ಜೊತೆ ಹೋಗಿಬರುತ್ತಿದ್ದ ಕೆಲವು ಹೆಂಗಸರು ಘಟಕ ಬಿಟ್ಟು ಆ ಕೋಣೆಗೆ ಬಂದರು. ಮಕ್ಕಳನ್ನು ಶಾಲೆಗೆ ಕಳಿಸಿ ಕೆಲಸಕ್ಕೆ ಬರಬಹುದು, ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ ತಿನ್ನಬಹುದು. ಅವರಿಗೆ ಆ ಕೋಣೆ ಎಂದರೆ ಅಷ್ಟು.

ಮಾರುವುದು ಪೂರ್ತಿ ಮೊಬೈಲಿನಲ್ಲಿ. ನಾನು ನಕ್ಕಿದ್ದೆ. ಮುಟ್ಟಿ ನೋಡದೆ ಕೌದಿಯನ್ನು ಯಾರು ಕೊಳ್ಳುತ್ತಾರೆ ಎಂದಿದ್ದೆ. ಅತ್ತಿಗೆಯ ಹತ್ತಿರ ಒಂದು ಪದ್ಧತಿಯಿತ್ತು. ತಮ್ಮ ಪುಟದಲ್ಲಿ ಒಂದು ಮಾತು ಬರೆದವರ ಪುಟಕ್ಕೆ ತಾವೂ ತಪ್ಪದೆ ಹೋಗಿ, ಅವರ ಮಗುವಿನ ಹುಟ್ಟುಹಬ್ಬವೋ ಹೊಸ ಸ್ಕೂಟರೋ ಹಪ್ಪಳದ ವ್ಯಾಪಾರವೋ, ಏನಿದೆಯೋ ಅದಕ್ಕೆ ಒಂದು ಒಳ್ಳೆಯ ಮಾತು ಬರೆದು ಬರುತ್ತಿದ್ದರು. ಇಷ್ಟೊಂದು ಪುರುಸೊತ್ತು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಕೇಳಿದೆ.

"ನಮ್ಮ ಮನಿ ಮದುವಿಗೆ ಬಂದು ಮುಯ್ಯಿ ಮಾಡಿ ಹೋದವ್ರ ಮದುವಿಗೆ ನಾವು ಹೋಗಲಾರದ ಇರಾಕ ಆಗತೈತೇನ್ರಿ? ಇದೂ ಹಂಗ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಲೆಕ್ಚರರ್ ಸಾಹೇಬ್ರು ದಿನಾ ನನ್ನ ಸ್ಟೇಟಸ್ ನೋಡ್ತೀರಿ, ಒಂದು ಹೂವರ ಒತ್ತಂಗಿಲ್ಲ. ಉಂಡು ಕೈ ತೊಳಕೊಂಡು ಸುಮ್ನ ಎದ್ದು ಹೋಗೋ ಬೀಗರು ನೀವು."

ಅಂದಿನಿಂದ ನಾನೂ ಹೂವು ಒತ್ತತೊಡಗಿದೆ.

ಹೀಗೆ ಮುಯ್ಯಿಗೆ ಮುಯ್ಯಿ ಸೇರಿ ಒಂದು ದೊಡ್ಡ ಬಳಗವೇ ಆಯಿತು. ಸಿರುಗುಪ್ಪದ ಕಡೆಯ ಹೆಂಗಸರು ತಾವೂ ಹೊಲಿದುಕೊಡುತ್ತೇವೆ ಎಂದು ಬರೆದರು. ಗಡಿಯಾಚೆಯಿಂದ ತೆಲುಗಿನಲ್ಲಿ ವಿಚಾರಣೆಗಳು ಬಂದವು. ಅತ್ತಿಗೆ ಒಂದೇ ಉಸಿರಿನಲ್ಲಿ ಕನ್ನಡ ಬಿಟ್ಟು ತೆಲುಗು ಹಿಡಿಯುತ್ತಿದ್ದರು, ಮತ್ತೆ ಕನ್ನಡಕ್ಕೆ ಬರುತ್ತಿದ್ದರು. ತರಗತಿಯಲ್ಲಿ ನಾನು 'ಸಾಮಾಜಿಕ ಜಾಲ' ಎಂದು ಎಷ್ಟೋ ಸಲ ಹೇಳಿದ್ದೇನೆ. ಅದನ್ನು ಹೆಣೆಯುವುದನ್ನು ನೋಡಿದ್ದು ಆ ಕೋಣೆಯಲ್ಲಿ.

ಇರುವೆಯ ಸಂಗತಿ ನಡೆದದ್ದು ಒಂದು ಯುಗಾದಿಯ ನಂತರ. ಮೈಸೂರಿನ ಹೆಣ್ಣುಮಗಳೊಬ್ಬರು ತಮ್ಮ ಎಳೆಗೂಸಿಗೆಂದು ಸಣ್ಣ ಕೌದಿ ತರಿಸಿಕೊಂಡಿದ್ದರು. ಪಾರ್ಸೆಲ್ ಬಿಚ್ಚಿ ಹಾಸಿದರೆ ಒಂದು ಮೂಲೆಯಿಂದ ಇರುವೆಗಳ ಸಾಲು. ಅವರು ಅದನ್ನು ಚಿತ್ರೀಕರಿಸಿ, ಅತ್ತಿಗೆಯ ಪುಟದ ಹೆಸರು ಸಮೇತ ಹಾಕಿಬಿಟ್ಟರು. 'ಮಗುವಿನ ಹಾಸಿಗೆಗೆ ಇಂಥದ್ದು ಕಳಿಸುತ್ತಾರೆ ನೋಡಿ' ಎಂದು ಅದರ ಕೆಳಗೆ ಬರೆದಿದ್ದರು. ಸಂಜೆಯೊಳಗೆ ಅದು ನಮಗೆ ಗೊತ್ತಿಲ್ಲದವರ ಫೋನುಗಳನ್ನೆಲ್ಲ ಸುತ್ತಿ ನನಗೂ ಬಂತು. ಕಸದಿಂದ ಆಯ್ದ ಬಟ್ಟೆ, ಕೊಳಕು ಜನ ಎಂದೆಲ್ಲ ಬರೆದಿದ್ದರು. ಮುಂಚೆಯೇ ಕೌದಿ ಬೇಕೆಂದು ಹೇಳಿದ್ದವರು ಒಬ್ಬೊಬ್ಬರಾಗಿ ಬೇಡವೆಂದರು.

ಮರುದಿನ ಕುರುಗೋಡಿಗೆ ಹೋದೆ. ಕೋಣೆಯಲ್ಲಿ ಮಷೀನುಗಳು ಸುಮ್ಮನಿದ್ದವು. ಎಲ್ಲರಿಗಿಂತ ಹಿರಿಯ ಹೆಂಗಸು, ಬಾಯಿ ಸ್ವಲ್ಪ ಜೋರು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕುಳಿತಿದ್ದರು.

"ಏನವ್ವಾ, ನಾಳಿಂದ ಮತ್ತ ಹೊತ್ತು ಹುಟ್ಟೂದಕ್ಕ ಮೊದಲಿನ ಬಸ್ಸೇನು?" ಎಂದು ಅತ್ತಿಗೆಯನ್ನು ಕೇಳಿದರು.

ನಾನು ಒಂದು ಪ್ರಕಟಣೆ ಬರೆದುಕೊಂಡು ಹೋಗಿದ್ದೆ. 'ಮಾನ್ಯ ಗ್ರಾಹಕರಿಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ' ಎಂದು ಶುರುವಾಗುತ್ತಿತ್ತು. ಅತ್ತಿಗೆ ಓದಿ ವಾಪಸ್ ಕೊಟ್ಟರು.

"ಇದು ಬಸ್‌ಸ್ಟ್ಯಾಂಡಿನ ಮೈಕಿನ್ಯಾಗ ಹೇಳಿದಂಗ ಐತಿ. ಬಸ್ಸು ತಡ ಆದ್ರ ಹಿಂಗ ಅಂತಾರ. ಆಕಿ ಕೂಸಿಗೆ ಏನಾಗೈತೋ ಯಾರಿಗ್ಗೊತ್ತು?"

ಲೈವ್ ಶುರುಮಾಡಿದರು. ಮುಖ ತೊಳೆದಿರಲಿಲ್ಲ, ತಲೆ ಬಾಚಿರಲಿಲ್ಲ. ತೊಡೆಯ ಮೇಲೆ ಅರ್ಧ ಹೊಲಿದ ಕೌದಿಯಿತ್ತು.

"ಯಕ್ಕಾರ, ಮೈಸೂರಿನಕ್ಕಾರ, ಮೊದಲು ಇದನ್ನ ಹೇಳ್ರಿ, ಕೂಸಿಗೆ ಕಡದಿಲ್ಲಲ್ಲ? ಆಮ್ಯಾಲ ನನ್ನ ಎಷ್ಟರ ಬೈರಿ. ತಪ್ಪು ನಮ್ಮದ ಐತಿ. ಆದ್ರ ಅದು ಹೊಲಸಲ್ಲರಿ, ಹೋಳಿಗಿ. ನಮ್ಮ ಕಡಿ ಕೌದಿ ಮುಗಿಸುವಾಗ ಒಂದು ಮೂಲಿ ಬಿಟ್ಟಿರತೀವಿ. ಅದರಾಗ ತುಸು ಹೋಳಿಗಿನೋ ರೊಟ್ಟಿನೋ ಇಟ್ಟು ಬಾಯಿ ಹೊಲಿತೀವಿ. ಕೌದಿ ಹಸಕೊಂಡಿರಬಾರದು. ಹಸದ ಕೌದಿ ಹೊಚಿಗೊಂಡವ್ರಿಗೆ ನಿದ್ದಿ ಹತ್ತಂಗಿಲ್ಲ ಅಂತಾಳ ನಮ್ಮವ್ವ. ಒಣಗಿದ್ದು ಇಡಬೇಕಿತ್ತು. ಹಬ್ಬದ ಗಡಿಬಿಡಿಯಾಗ ಬೆಲ್ಲ ಸೋರೋ ಹೋಳಿಗಿ ಇಟ್ಟೀವಿ. ಊರಾಗಾಗಿದ್ರ ಮಾರನೇ ದಿನ ಬಿಸಲಿಗೆ ಹಾಕತಿದ್ರು. ಇದು ಡಬ್ಬಿಯಾಗ ಕುಂತು ಮೈಸೂರಿಗೆ ಹೋಗತೈತಿ ಅನ್ನೋದು ತಲಿಗೆ ಬರಲಿಲ್ಲ."

ಪರದೆಯ ಮೇಲೆ ಮುಯ್ಯಿ ಬರತೊಡಗಿತು. ನನಗೆ ಬೇರೆ ಪದ ಸಿಗುತ್ತಿಲ್ಲ. ಅತ್ತಿಗೆ ಯಾರ ಯಾರ ಪುಟಕ್ಕೆ ಹೋಗಿ ಮಾತು ಬರೆದು ಬಂದಿದ್ದರೋ ಅವರೆಲ್ಲ ಬಂದರು. ಸಿರುಗುಪ್ಪದವರೊಬ್ಬರು ತಮ್ಮ ಮನೆಯಲ್ಲಿ ಅಕ್ಕಿಕಾಳು ಹಾಕುತ್ತಿದ್ದರು ಎಂದರು. ತಮ್ಮಜ್ಜಿಯೂ ಹೀಗೇ ಮಾಡುತ್ತಿದ್ದರೆಂದು ಇನ್ನೊಬ್ಬರು ತೆಲುಗಿನಲ್ಲಿ ಬರೆದರು. 'ನಮ್ಮ ಮನಿ ಕೌದಿ ಉಪವಾಸ ಇರಬೇಕು, ಅದಕ್ಕ ನಮ್ಮ ಯಜಮಾನ್ರು ಗೊರಕಿ ಹೊಡಿತಾರ' ಎಂದು ಒಬ್ಬಾಕೆ ಬರೆದದ್ದನ್ನು ಓದಿ ಸೂಜಿ ಚುಚ್ಚಿಕೊಂಡಿದ್ದ ಹಿರಿಯ ಹೆಂಗಸು ಜೋರಾಗಿ ನಕ್ಕರು. ನಡುವೆ ಯಾರೋ ಒಬ್ಬ, 'ಮಾರಾಟಕ್ಕೆ ಕತಿ ಚಲೋ ಕಟ್ಟೀರಿ' ಎಂದೂ ಬರೆದ. ಅತ್ತಿಗೆ ಅದನ್ನೂ ಓದಿ ಹೇಳಿದರು, ಅಳಿಸಲಿಲ್ಲ.

ಮೈಸೂರಿನಾಕೆಯ ಉತ್ತರ ಅಲ್ಲೇ ಬಂತೋ, ಮರುದಿನ ಫೋನಿನಲ್ಲಿ ಬಂತೋ, ನನ್ನ ನೆನಪಿನಲ್ಲಿ ಕಲಸಿಹೋಗಿದೆ. ಮಾತು ಮಾತ್ರ ನೆನಪಿದೆ. "ಮಗು ಚೆನ್ನಾಗಿದೆ. ಇಷ್ಟು ಜನರಲ್ಲಿ ಮೊದಲು ಅದನ್ನ ಕೇಳಿದೋರು ನೀವೊಬ್ರೇ. ಇನ್ನೊಂದು ಕಳಿಸಿ, ಆದ್ರೆ ಹಸಿದಿರೋದನ್ನೇ ಕಳಿಸಿ. ಊಟ ನಾವೇ ಹಾಕ್ತೀವಿ."

ಆಕೆ ತಮಾಷೆಗೆ ಹೇಳಿರಬಹುದು. ಅತ್ತಿಗೆ ಅದನ್ನು ಕೇಳಿದ ರೀತಿಯೇ ಬೇರೆ. ಅಂದಿನಿಂದ ಕೋಣೆಯಿಂದ ಹೊರಟ ಪ್ರತಿ ಕೌದಿಯ ಒಂದು ಮೂಲೆ ತೆರೆದಿರುತ್ತದೆ. ಆ ಮೂಲೆಗೆ ನೂಲು ಪೋಣಿಸಿದ ಸೂಜಿ ಚುಚ್ಚಿರುತ್ತದೆ. ಜೊತೆಗೊಂದು ಚೀಟಿ: 'ನಿಮ್ಮ ಮನೆಯದು ಏನಾದರೂ ಒಣಗಿದ್ದನ್ನು ಹಾಕಿ, ಬಾಯಿ ಹೊಲಿಯಿರಿ. ಹೊಲಿಯುವಾಗ ನಮಗೂ ತೋರಿಸಿ.'

ಜನ ತೋರಿಸಿದರು. ಅಜ್ಜಿ ಮೊಮ್ಮಗಳ ಕೈ ಹಿಡಿದು ಅವಲಕ್ಕಿ ಹಾಕಿಸುವ ವಿಡಿಯೊ, ಹಾಸ್ಟೆಲಿನ ಹುಡುಗಿಯರು ರಸ್ಕಿನ ಚೂರು ಇಟ್ಟು ಓರೆಕೋರೆ ಹೊಲಿಯುವ ವಿಡಿಯೊ. ಸೂಜಿಯನ್ನೇ ಹಿಡಿದು ಗೊತ್ತಿಲ್ಲದ ಗಂಡಸೊಬ್ಬ ಹೆಂಡತಿಯ ಕೈಯಲ್ಲಿ ಬೈಸಿಕೊಂಡು ಹೊಲಿದ. ಒಬ್ಬರು ಚಾಕೊಲೇಟು ಇಡಲು ಹೋದಾಗ ಅತ್ತಿಗೆ, "ಅಯ್ಯ ತಮ್ಮಾ, ಇರಿವಿ ಕತಿ ಮರತ್ಯೇನು?" ಎಂದು ಕೂಡಲೇ ದನಿ ಮುದ್ರಿಸಿ ಕಳಿಸಿದರು. ಆ ದನಿಯೂ ಊರೂರು ಸುತ್ತಿತು. ಜಾಹೀರಾತಿನ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಗ್ರಾಹಕನ ಮನ ಗೆಲ್ಲುವ ಮಾತು ಬೇಕಾದಷ್ಟಿದೆ. ಕೊನೆಯ ಹೊಲಿಗೆಯನ್ನು ಅವನ ಕೈಗೇ ಬಿಟ್ಟುಕೊಡುವ ಧೈರ್ಯ ನಾನು ಎಲ್ಲೂ ಓದಿಲ್ಲ. ಬಿಟ್ಟುಹೋದ ಗಿರಾಕಿಗಳಲ್ಲಿ ಹೆಚ್ಚಿನವರು ಮರಳಿ ಬಂದರು. ಹಿರಿಯ ಹೆಂಗಸು ಬೆಳಗಿನ ಬಸ್ಸಿನ ಮಾತೆತ್ತುವುದನ್ನು ನಿಲ್ಲಿಸಿದರು.

ಆದರೂ ಒಂದು ಮುಳ್ಳು ನನ್ನೊಳಗೆ ಉಳಿಯಿತು. ನಮ್ಮ ಮನೆಯಲ್ಲೂ ಕೌದಿಗಳಿದ್ದವು. ಅವುಗಳ ಹೊಟ್ಟೆ ತುಂಬಿಸಿದ್ದನ್ನು ಕಂಡ ನೆನಪು ನನಗಿಲ್ಲ. 'ಕತಿ ಕಟ್ಟೀರಿ' ಎಂದ ಆ ಅಪರಿಚಿತ ಸರಿಯಿದ್ದರೆ? ಅಕ್ಕಿಕಾಳು ಎಂದವರು, ಅಜ್ಜಿ ಎಂದವರು, ಎಲ್ಲರೂ ದಾಕ್ಷಿಣ್ಯಕ್ಕೆ ತಲೆಯಾಡಿಸಿದ್ದರೆ? ಕೋಣೆ ನಿಂತಿರುವುದು ಆ ಮಾತಿನ ಮೇಲೆ. ನಾನು ಕೊನೆಗೆ ಅತ್ತಿಗೆಯನ್ನೇ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ.

"ನನ್ನ ಕೇಳಿದ್ರ ನಾ ಹೌದಂತೀನಿ. ರಾರಾವಿಗೆ ಹೋಗ್ರಿ, ನಮ್ಮವ್ವನ ಕೇಳ್ರಿ. ಆಕಿ ಮಾತೂ ನಂಬಂಗಿಲ್ಲ ನೀವು, ನನಗ್ಗೊತ್ತೈತಿ."

ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ರಾರಾವಿಗೆ ಹೋದೆ. ಅತ್ತಿಗೆಯ ತಾಯಿ ಭತ್ತದ ಚೀಲಗಳ ಮೇಲೆ ಮಡಿಸಿಟ್ಟಿದ್ದ ಕೌದಿಯೊಂದನ್ನು ಎಳೆದು ಕೊಟ್ಟರು. ಮಗಳು ತೊಟ್ಟಿಲಲ್ಲಿದ್ದಾಗ ಹೊಲಿದದ್ದಂತೆ. ಅಂದರೆ ಆ ಊರಿಗೆ ಮೊಬೈಲು ಬರುವುದಕ್ಕೆ ಎಷ್ಟೋ ಮೊದಲು.

"ಬಿಚ್ಚಾವ್ರು ಬಿಚ್ಚರಿ. ಹೊಲಿಯಾಕ ನಾ ಬರಂಗಿಲ್ಲ ನೋಡ್ರಿ, ಕಣ್ಣು ಕಾಣಂಗಿಲ್ಲ" ಎಂದು ಕತ್ತರಿ ಮುಂದಿಟ್ಟರು.

ಮೂರು ಮೂಲೆಗಳು ಮೆತ್ತಗಿದ್ದವು. ನಾಲ್ಕನೆಯದರಲ್ಲಿ ಏನೋ ಗಟ್ಟಿ ಬೆರಳಿಗೆ ತಾಗಿತು. ಹೊಲಿಗೆ ಬಿಡಿಸಿ ಅಂಗೈ ಮೇಲೆ ಕೊಡವಿಕೊಂಡೆ. ಕಂದಿ, ಅರ್ಧ ಪುಡಿಯಾಗಿ, ಅಂಚಿನಲ್ಲಿ ಹೆಂಚಿನ ಕರಿ ಗುರುತು ಇನ್ನೂ ಉಳಿದಿದ್ದ ಜೋಳದ ರೊಟ್ಟಿಯ ಚೂರು.