ಉಜ್ಜಕ್ಕನ ಹೆಬ್ಬೆಟ್ಟು

ಬೆಳಗಿನ ಐದೂವರೆ. ಪ್ರಯೋಗಾಲಯದ ಉದ್ದನೆಯ ಕಾರಿಡಾರಿನಲ್ಲಿ ಕೊನೆಯ ಕೋಣೆಯ ದೀಪ ಒಂದೇ ಉರಿಯುತ್ತಿದೆ. ಒಳಗೆ ಎತ್ತರದ ಸ್ಟೂಲಿನ ಮೇಲೆ ಕುಳಿತ ಹೆಂಗಸೊಬ್ಬರು, ಅಂಗಿಯ ಗುಂಡಿಯಷ್ಟು ಅಗಲದ ತಾಮ್ರದ ಬಿಲ್ಲೆಯನ್ನು ಗಾಜಿನ ಮೇಲೆ ಹಾಸಿದ ಒರಟು ಉಜ್ಜುಕಾಗದದ ಮೇಲೆ ಉಜ್ಜುತ್ತಿದ್ದಾರೆ. ಮುಂದೆ, ಹಿಂದೆ, ಮುಂದೆ, ಹಿಂದೆ. ಇಪ್ಪತ್ತು ಸಲ ಆದ ಮೇಲೆ ನೀರಿನಲ್ಲಿ ಅದ್ದಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಇಪ್ಪತ್ತು. ಇವರ ಬಗ್ಗೆ ಬರೆಯಲೆಂದು ನಾನು ಬಂದು ಹತ್ತು ನಿಮಿಷವಾದರೂ ತಲೆ ಎತ್ತಿಲ್ಲ. ಕುತೂಹಲಕ್ಕೆ ಮೇಜಿನತ್ತ ಕೈ ಚಾಚಿದ್ದೇ ತಡ, ಮಾತು ಬರುತ್ತದೆ.

"ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ಳಿ. ಬೈತಿದೀನಿ ಅಂದ್ಕೋಬೇಡಿ, ಪ್ರೊಫೆಸರ್ ಬಂದ್ರೂ ಇದನ್ನೇ ಹೇಳೋದು."

ನಾನು ಶಾಲೆಯ ಹುಡುಗನ ಹಾಗೆ ಕೈ ಕಟ್ಟಿ ನಿಲ್ಲುತ್ತೇನೆ. ಇವರಿಗೆ ಐವತ್ತಾರು ವರ್ಷ. ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ 'ಸಹಾಯಕಿ' ಎಂದಿದೆ. ಇಡೀ ಕಟ್ಟಡಕ್ಕೆ ಇವರು ಉಜ್ಜಕ್ಕ. ಲೋಹದ ಹರಳುಗಳನ್ನು, ಅಂದರೆ ಇಂಥ ಬಿಲ್ಲೆಗಳನ್ನು, ಕನ್ನಡಿಯಂತೆ ಉಜ್ಜಿ ಕೊಡುವುದು ಇವರ ಕೆಲಸ. ಪಕ್ಕದ ಕೋಣೆಯ ದೊಡ್ಡ ಯಂತ್ರದೊಳಗೆ ಆ ಹರಳಿನ ಮೇಲೆ ಬೆಳಕು ಬಿಟ್ಟು, ಅಲ್ಲಿಂದ ಸಿಡಿಯುವ ಎಲೆಕ್ಟ್ರಾನುಗಳನ್ನು ಅಳೆದು, ಲೋಹದೊಳಗೆ ಅವು ಹೇಗೆ ಬದುಕುತ್ತವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಇದನ್ನು ನನಗೆ ಮೂರು ಜನ ವಿವರಿಸಿದ್ದಾರೆ. ಅರ್ಥವಾದದ್ದು ಉಜ್ಜಕ್ಕ ಹೇಳಿದ ಮೇಲೆ.

"ಬೆಳಕು ಬಂದು ಬಾಗಿಲು ತಟ್ಟುತ್ತೆ. ಒಳಗಿರೋ ಎಲೆಕ್ಟ್ರಾನ್ ಎದ್ದು ಆಚೆ ಓಡುತ್ತೆ. ಅದರ ಓಟ ನೋಡಿ ಒಳಗಿನ ಸಂಸಾರ ಹೇಗಿದೆ ಅಂತ ಇವರು ಹೇಳ್ತಾರೆ. ಬಾಗಿಲಲ್ಲಿ ಕಸ ಬಿದ್ದಿದ್ರೆ ಓಡೋನು ಎಡವಲ್ವಾ? ಬಾಗಿಲು ಗುಡಿಸೋಳು ನಾನು."

ಇಷ್ಟು ಬೆಳಗ್ಗೆ ಏಕೆ ಎಂದರೆ, ಜನ ಓಡಾಡಿದರೆ ದೂಳು ಏಳುತ್ತದೆ. ಕೊನೆಯ ಹಂತದಲ್ಲಿ ವಜ್ರದ ಪುಡಿ ಹಚ್ಚಿದ ಬಟ್ಟೆಯ ಮೇಲೆ ಒಂದು ಕಣ ದೂಳು ಬಿದ್ದರೂ ಎರಡು ದಿನದ ದುಡಿಮೆ ನೀರಿನಲ್ಲಿ ಹೋಮ. ಒಂದು ಹರಳಿಗೆ ಎಂಟು ಹಂತ, ಹಂತಕ್ಕೆ ಸುಮಾರು ಐನೂರು ಉಜ್ಜು. ಹಂತ ಬದಲಾದಾಗಲೆಲ್ಲ ಹರಳನ್ನು ಅಡ್ಡಕ್ಕೆ ತಿರುಗಿಸಬೇಕು. ಆಗ ಹಳೆಯ ಗೀರು ಉಳಿದಿದ್ದರೆ ಹೊಸ ಗೀರಿಗೆ ಅಡ್ಡವಾಗಿ ಕಂಡು ಸಿಕ್ಕಿಬೀಳುತ್ತದೆ.

ಉಜ್ಜಕ್ಕ ಕಲಿತದ್ದು ಹತ್ತನೇ ತರಗತಿ. ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ಹನ್ನೊಂದು ವರ್ಷ ಮಸೂರ ಉಜ್ಜಿದರು. ಸಿದ್ಧ ಮಸೂರಗಳು ಬಂದು ಅಂಗಡಿ ಮುಚ್ಚಿತು. ಈ ಪ್ರಯೋಗಾಲಯಕ್ಕೆ ಬಂದದ್ದು ನೆಲ ಒರೆಸಲು. ಒಂದು ದಿನ ಸಂಶೋಧಕನೊಬ್ಬ ಹರಳನ್ನು ಒಂದೇ ದಿಕ್ಕಿಗೆ ಉಜ್ಜಿ ಉಜ್ಜಿ ಬೆವರುತ್ತಿದ್ದದ್ದು ಇವರಿಂದ ನೋಡಲಾಗಲಿಲ್ಲವಂತೆ. ಬಕೆಟ್ ಕೆಳಗಿಟ್ಟು, ಅಡ್ಡಕ್ಕೆ ತಿರುಗಿಸಪ್ಪ ಎಂದರು. ಅವನು ತಿರುಗಿಸಿದ. ಮರುವಾರ ಬಕೆಟ್ ಬೇರೆಯವರ ಕೈಗೆ ಹೋಯಿತು.

ಕಷ್ಟ ಕೇಳಿದರೆ ನಗುತ್ತಾರೆ. ಎಡ ಭುಜ ಮೇಲೇಳುವುದಿಲ್ಲ, ಜಡೆ ಹಾಕಿಕೊಳ್ಳಲು ಗಂಡನ ಸಹಾಯ ಬೇಕು. ಕಳೆದ ವರ್ಷ ಬಲಗಣ್ಣಿಗೆ ಪೊರೆ ಬಂದಾಗ, ಇನ್ನು ಉಜ್ಜುವ ಕೆಲಸ ಹೊರಗೆ ಕೊಡೋಣ ಎಂಬ ಮಾತೂ ಎದ್ದಿತ್ತು. ಇವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹದಿನೈದನೇ ದಿನಕ್ಕೆ ಹಾಜರ್. "ಮೊದಲು ಮೂರು ಗೀರು ಕಾಣ್ತಿದ್ದ ಕಡೆ ಈಗ ಹದಿಮೂರು ಕಾಣುತ್ತೆ. ಕಣ್ಣು ಸರಿಹೋಗಿ ಕೆಲಸ ಜಾಸ್ತಿ ಆಯ್ತು ನೋಡಿ." ಅಲ್ಲಿ ಹೋಗಿ ಪಾತ್ರೆ ತಿಕ್ಕುತ್ತೀಯಾ ಎಂದು ನಾದಿನಿ ಕೆಣಕಿದರೆ, ಹೌದು, ಗುಂಡಿಯಷ್ಟು ಪಾತ್ರೆ, ಎರಡು ದಿನ ಹಿಡಿಯುತ್ತದೆ ಎನ್ನುತ್ತಾರಂತೆ.

ಆದರೆ ಇವತ್ತು ಕೈಯಲ್ಲಿರುವ ಹರಳಿನ ವಿಷಯದಲ್ಲಿ ತಮಾಷೆ ಇಲ್ಲ. ಪ್ರಯೋಗಾಲಯದಲ್ಲಿ ಈ ಜಾತಿಯ ತಾಮ್ರದ ಹರಳು ಇರುವುದು ಇದೊಂದೇ. ಕಳೆದ ವಾರ, ಅದನ್ನು ಯಂತ್ರದೊಳಗೆ ಉದ್ದನೆಯ ಕಡ್ಡಿಯಿಂದ ಜಾಗಕ್ಕೆ ಕೂರಿಸುವಾಗ ಯುವ ಸಂಶೋಧಕಿಯೊಬ್ಬಳ ಕೈ ಅರ್ಧ ಸುತ್ತು ಹೆಚ್ಚು ತಿರುಗಿತು. ಹರಳು ಜಾರಿ ತಳಕ್ಕೆ ಬಿತ್ತು. ಒಂಬತ್ತು ದಿನ ಹಿಡಿದು ಗಾಳಿ ತೆಗೆದಿದ್ದ ಯಂತ್ರವನ್ನು ತೆರೆದು ಹರಳನ್ನು ಎತ್ತಿದಾಗ ನಡುಮಧ್ಯೆ ಆಳವಾದ ಗೀರು. ಹೊಸ ಹರಳು ಬರಲು ಐದು ತಿಂಗಳು ಬೇಕು. ಹುಡುಗಿಯ ಸಂಶೋಧನೆಗೆ ಉಳಿದಿರುವುದು ಆರು ವಾರ.

ಸಮಸ್ಯೆ ಗೀರಲ್ಲ, ದಪ್ಪ. ಪ್ರತಿ ಸಲ ಉಜ್ಜಿದಾಗಲೂ ಹರಳು ಸವೆಯುತ್ತದೆ. ಯಂತ್ರದ ಹಿಡಿಕೆಗೆ ಸಿಗಲು ಬೇಕಾದ ದಪ್ಪಕ್ಕಿಂತ ಈಗ ಎರಡು ಕೂದಲಿನಷ್ಟು ಮಾತ್ರ ಹೆಚ್ಚಿದೆ. ಗೀರು ಹೋಗುವ ಮುನ್ನ ಆ ಎರಡು ಕೂದಲು ಮುಗಿದರೆ ಈ ಹರಳು ಕಿವಿಯೋಲೆಗೂ ಬರುವುದಿಲ್ಲ.

ಆರೂಮುಕ್ಕಾಲಿಗೆ ಸಂಶೋಧಕಿ ಬಂದು ಬಾಗಿಲಲ್ಲೇ ನಿಲ್ಲುತ್ತಾಳೆ. ಮೂರು ದಿನದಿಂದ ಸರಿಯಾಗಿ ಊಟ ಮಾಡಿದ ಮುಖವಲ್ಲ. ಉಜ್ಜಕ್ಕ ದಪ್ಪ ಅಳೆಯುವ ತಿರುಪಿನಲ್ಲಿ ಹರಳನ್ನು ಹಿಡಿದು ನೋಡುತ್ತಾರೆ. ಒಂದು ಕೂದಲು ಹೋಗಿದೆ, ಗೀರಿನ ಬಾಲ ಇನ್ನೂ ಇದೆ. ಇನ್ನೊಂದು ಸುತ್ತು ಒರಟು ಕಾಗದವೇ ಬೇಕು. ಸಾಕು ಅಕ್ಕ, ಹೀಗೇ ಹಾಕೋಣ ಎಂದು ಹುಡುಗಿ ಮೆಲ್ಲಗೆ ಹೇಳುತ್ತಾಳೆ. ಉಜ್ಜಕ್ಕ ಕೆಲಸ ನಿಲ್ಲಿಸದೆ ಅವಳಿಗೆ ಒಂದು ಕಥೆ ಹೇಳುತ್ತಾರೆ.

ಹದಿನೆಂಟು ವರ್ಷದ ಹಿಂದೆ, ಹೊಸದಾಗಿ ಈ ಕೆಲಸಕ್ಕೆ ಬಂದಾಗ, ಕೈಗವಸು ಹರಿದದ್ದು ಗೊತ್ತಾಗದೆ ಹರಳಿನ ಹಿಡಿಕೆಯನ್ನು ಹೆಬ್ಬೆಟ್ಟಿನಿಂದ ಒತ್ತಿದ್ದರು. ಯಂತ್ರದೊಳಗೆ ಬಿಸಿಯಾದಾಗ ಬೆರಳಿನ ಉಪ್ಪು ಹರಳಿನ ಮೇಲೆ ಹೋಗಿ ಕೂತಿತು. ಹರಳಿನ ಮೇಲೆ ಏನೇನಿದೆ ಎಂದು ತೋರಿಸುವ ಗ್ರಾಫಿನಲ್ಲಿ, ತಾಮ್ರದ ದಿಬ್ಬಗಳ ನಡುವೆ ಉಪ್ಪಿನ ಎರಡು ಹೊಸ ದಿಬ್ಬ. ಒಂದು ತಿಂಗಳ ಕೆಲಸ ಹಾಳು. ಪ್ರೊಫೆಸರ್ ಬೈಯಲಿಲ್ಲ. ಗ್ರಾಫನ್ನು ಅಚ್ಚು ಹಾಕಿಸಿ ಕೈಗೆ ಕೊಟ್ಟು, ಇದು ನಿಮ್ಮ ಬೆವರು ಎಂದರಂತೆ. ಉಜ್ಜಕ್ಕ ಅದಕ್ಕೆ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದರು. ಮದುವೆಯ ಫೋಟೋಗಿಂತ ಮೇಲೆ.

"ನನ್ನ ಮನೆಯವರು ಬಸ್ ಓಡಿಸ್ತಾರೆ. ಅವರು ಒಂದ್ಸಲ ಕಂಬಕ್ಕೆ ಗುದ್ದಿದ್ರು, ಆ ಫೋಟೋ ಯಾಕೆ ಹಾಕಿಲ್ಲ ಅಂತ ಇವತ್ತಿಗೂ ಕೇಳ್ತಾರೆ," ಎಂದು ಉಜ್ಜಕ್ಕ ಹರಳನ್ನು ಅಡ್ಡಕ್ಕೆ ತಿರುಗಿಸುತ್ತಾರೆ. "ತಪ್ಪು ಎಲ್ಲರ ಕೈಯಲ್ಲೂ ಆಗುತ್ತೆ ಮಗಳೇ. ನಿಂದು ಕಣ್ಣಿಗೆ ಕಾಣೋ ತಪ್ಪು, ಉಜ್ಜಿದ್ರೆ ಹೋಗುತ್ತೆ. ಹೋಗಿ ಏನಾದ್ರೂ ತಿಂದು ಬಾ."

ಹುಡುಗಿ ನಗುತ್ತಾಳೆ, ಆದರೆ ಹೋಗುವುದಿಲ್ಲ. ಎಂಟೂಕಾಲಿಗೆ ಉಜ್ಜಕ್ಕ ಭೂತಗನ್ನಡಿಯನ್ನು ಅವಳ ಕೈಗೆ ಕೊಡುತ್ತಾರೆ. ಗೀರಿಲ್ಲ. ಉಳಿದದ್ದು ಅರ್ಧ ಕೂದಲು. ಮುಂದಿನ ನುಣುಪಿನ ಹಂತಗಳಿಗೆ ಅದು ಸಾಕು, ಆದರೆ ಈ ಹರಳಿಗೆ ಇದೇ ಕೊನೆಯ ಉಜ್ಜು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹರಳಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಕ್ಷೌರ ಮಾಡಿಕೊಂಡು ಬರಬೇಕಿತ್ತು ಅನ್ನಿಸುವಷ್ಟು ಸ್ಪಷ್ಟ. ಅದನ್ನು ಯಂತ್ರದೊಳಗೆ ಕೂರಿಸಿದವಳು ಸಂಶೋಧಕಿಯೇ. ಮೊದಲು ಅವಳು, ನಾನು ಒಲ್ಲೆ, ಬೇರೆಯವರು ಮಾಡಲಿ ಎಂದಿದ್ದಳು. ಉಜ್ಜಕ್ಕ ಪಕ್ಕದಲ್ಲಿ ನಿಂತು, ಕಡ್ಡಿಯ ಪ್ರತಿ ಸುತ್ತನ್ನೂ ಜೋರಾಗಿ ಎಣಿಸಿದರು. ಈ ಸಲ ಅರ್ಧ ಸುತ್ತು ಹೆಚ್ಚಾಗಲಿಲ್ಲ.

ಗಾಳಿ ತೆಗೆದು, ಯಂತ್ರವನ್ನು ಕಾಯಿಸಿ, ಹರಳನ್ನು ಒಳಗೇ ಇನ್ನೊಮ್ಮೆ ಶುದ್ಧ ಮಾಡುವಷ್ಟರಲ್ಲಿ ಹತ್ತು ದಿನ. ಹನ್ನೊಂದನೇ ದಿನ ಬೆಳಗ್ಗೆ ನಾನು ಮತ್ತೆ ಹಾಜರ್, ಕೇಳದೆಯೇ ಕೈ ಕಟ್ಟಿಕೊಂಡು. ಪರದೆಯ ಮೇಲೆ ಅದೇ ಬಗೆಯ ಗ್ರಾಫಿನ ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ಬೆಳೆಯುತ್ತದೆ. ತಾಮ್ರದ ಕಡೆ ಎತ್ತರದ ದಿಬ್ಬಗಳು. ಉಳಿದೆಡೆ ಏನೂ ಇಲ್ಲ. ಸಂಶೋಧಕಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಡುತ್ತಾಳೆ. ಆಮೇಲೆ ಬಿಸ್ಕತ್ತಿನ ಪೊಟ್ಟಣ ಒಡೆದು, ನಾಲ್ಕನ್ನು ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ನನಗೂ ಕಣ್ಣು ತುಂಬಿ ಬಂತು ಎಂದು ಬರೆಯಲು ನಾಚಿಕೆಯಿಲ್ಲ.

ಮಧ್ಯಾಹ್ನ ಅವಳು ನಿಜವಾದ ಪ್ರಯೋಗದ ಮೊದಲ ಚಿತ್ರ ತರುತ್ತಾಳೆ. ನೀಲಿ, ಹಳದಿ, ಕೆಂಪು ಬಣ್ಣದಲ್ಲಿ ಎಲೆಕ್ಟ್ರಾನುಗಳ ಸಂಸಾರ. ನಿಮ್ಮ ಗೋಡೆಗೆ ಅಕ್ಕ ಎಂದು ಉಜ್ಜಕ್ಕನಿಗೆ ಕೊಡುತ್ತಾಳೆ. ಇವರು ನೋಡಿ, ಚೆನ್ನಾಗಿದೆ ಎಂದು ವಾಪಸ್ ಕೊಟ್ಟು, ಬೆಳಗಿನ ಗ್ರಾಫಿನ ಪ್ರತಿ ಸಿಗಬಹುದೇ ಎಂದು ಕೇಳುತ್ತಾರೆ. ಹಳೆಯದರ ಪಕ್ಕದಲ್ಲಿ ಹಾಕಬೇಕಂತೆ, ಬಹಳ ದಿನದ ಆಸೆಯಂತೆ. ಅದರಲ್ಲಿ ನೋಡಲು ಏನಿದೆ ಎಂದು ನಾನು ಕೇಳಿಯೇಬಿಡುತ್ತೇನೆ.

ಉಜ್ಜಕ್ಕ ಕೈಗವಸು ಕಳಚುತ್ತಾರೆ. ಹುಡುಗಿ ತಂದುಕೊಟ್ಟ ಆ ಗ್ರಾಫಿನ ಮೇಲೆ, ಗೆರೆ ಸಪಾಟಾಗಿ ಹಾದುಹೋಗುವ ಜಾಗದಲ್ಲಿ, ಹೆಬ್ಬೆಟ್ಟನ್ನು ಒತ್ತಿ ಇಡುತ್ತಾರೆ.

"ಅವತ್ತು ಈ ಜಾಗದಲ್ಲಿ ನಾನು ಎದ್ದು ನಿಂತಿದ್ದೆ. ಇವತ್ತು ಹುಡುಕಿ ನೋಡಿ, ಎಲ್ಲೂ ಇಲ್ಲ."